ಭಕ್ಷಕಕೋಶ

ರೋಗಾಣುವನ್ನು ಸುತ್ತುವರಿದು ಒಳಗೆಳೆದುಕೊಂಡು ಅರಗಿಸುವ ರಕ್ಷಣಾಕೋಶವನ್ನು ಹೇಳುವ ಈ ಪದವು ‘ಫ್ಯಾಗೊಸೈಟ್’ ಎಂಬುದರ ಅನುವಾದವಾಗಿದ್ದು, ಆ ಮೂಲಪದದಲ್ಲಿ ‘ತಿನ್ನು’ ಎಂಬರ್ಥದ ಗ್ರೀಕ್ ಧಾತುವೂ ‘ಟೊಳ್ಳು ಪಾತ್ರೆ’ ಎಂಬರ್ಥದ ಪದವೂ ಕೂಡಿವೆ. ಸಂಸ್ಕೃತದ ‘ಕೋಶ’ಕ್ಕೂ ಪೆಟ್ಟಿಗೆ, ಒರೆ ಎಂಬ ಅರ್ಥಗಳಿರುವುದರಿಂದ ಅನುವಾದ ಸೊಗಸಾಗಿ ಹೊಂದಿಕೊಂಡಿದೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಅದನ್ನು ಕೋಶಗಳು ಮುತ್ತುವುದನ್ನು ಕಂಡ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್‌ಗೆ ‘ಫ್ಯಾಗೊಸೈಟ್’ ಎಂಬ ಹೆಸರು ವಿಯೆನ್ನಾದ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಕ್ಲಾಸ್‌ರಿಂದ ದೊರೆಯಿತು. ಆದರೆ ‘ಭಕ್ಷಕ’ ಎಂಬುದು ಕೋಶದ ಗೆಲುವನ್ನು ಮೊದಲೇ ಸಾರಿಬಿಡುತ್ತದೆ. ನುಂಗುವುದು ಬೇರೆ, ಅರಗಿಸುವುದು ಬೇರೆ. ಕ್ಷಯದ ಬ್ಯಾಕ್ಟೀರಿಯ ತನ್ನನ್ನು ಹೊತ್ತ ಸಂಚಿಯು, ಜೀರ್ಣಕಿಣ್ವಗಳ ಚೀಲವಾದ ಲೈಸೊಸೋಮ್‌ನೊಡನೆ ಬೆಸೆಯದಂತೆ ತಡೆದು ಅಲ್ಲಿಯೇ ಬದುಕುತ್ತದೆ. ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯ ಸಂಚಿಯನ್ನೇ ಒಡೆದು ಹೊರಬೀಳುತ್ತದೆ. ನ್ಯೂಮೊಕಾಕಸ್ ಅಂತೂ ತನ್ನ ಶರ್ಕರದ ಹೊದಿಕೆಯಿಂದಾಗಿ ಹಿಡಿತಕ್ಕೇ ಸುಲಭವಾಗಿ ಸಿಗದ, ಅಕ್ಷರಶಃ ನುಂಗಲಾರದ ತುತ್ತು.