ಎರಡು ಶತಮಾನಗಳ ಹಿಂದಿನ ವೈದ್ಯವೂ ವೈದ್ಯಬರಹವೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಇತಿಹಾಸವೆಂದೊಡನೆ ನಮ್ಮ ನೆನಪಿಗೆ ಬರುವುವು ಕೋಟೆಕೊತ್ತಲಗಳು, ದೇಸಗತಿಗಳು, ೧೮೨೪ರ ಕಿತ್ತೂರಿನ ಕಾಳಗ, ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಕೊನೆಯುಸಿರೆಳೆದ ರಾಣಿ ಚೆನ್ನಮ್ಮ. ಆದರೆ ಕತ್ತಿಯಂತೆಯೇ ಮನೆಮನೆಗಳನ್ನು ಬರಿದುಮಾಡಿದ ಎರಡು ರೋಗಗಳೂ ಆ ಕಾಲದಲ್ಲಿದ್ದವು: ಸಿಡುಬು ಮತ್ತು ವಾಂತಿಭೇದಿ. ಇವುಗಳ ಎದುರಿನಲ್ಲಿ ಅಂದಿನವರಿಗೆ ಯಾವ ವೈದ್ಯಜ್ಞಾನವಿತ್ತು, ಅವರು ಏನನ್ನು ಬರೆದಿಟ್ಟರು, ಆ ಬರಹ ಯಾರಿಗೆ ಒದಗಿತು ಎಂಬುದನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವೈದ್ಯಸಾಹಿತ್ಯದಲ್ಲಿ ಕನ್ನಡ ಬಡಭಾಷೆಯಾಗಿರಲಿಲ್ಲ. ೧೨ನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದನು. ಕೀರ್ತಿವರ್ಮನು ದನಕರುಗಳ ಚಿಕಿತ್ಸೆಗಾಗಿ 'ಗೋವೈದ್ಯ'ವನ್ನು ರಚಿಸಿದನು. ೧೪ನೆಯ ಶತಮಾನದ ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ವಿವರಿಸಿದನು. ಇಂಥ ಗ್ರಂಥಗಳು ಓಲೆಗರಿಯಿಂದ ಓಲೆಗರಿಗೆ ಪ್ರತಿಯಾಗುತ್ತ ಉಳಿದುಬಂದವು. ಪದ್ಯರೂಪದಲ್ಲಿದ್ದುದರಿಂದ ಅವು ಬಾಯಿಪಾಠಕ್ಕೆ ಅನುಕೂಲವಾಗಿದ್ದವು. ಆದರೆ ಕೈಬರಹದ ಪುಸ್ತಕ ಒಂದು ಮನೆಯ ಆಸ್ತಿ. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ದಾಟುವ ವಿದ್ಯೆ. ಮಂಗರಾಜನ ಗ್ರಂಥ ಅಚ್ಚಿನ ರೂಪ ತಾಳಲು ೨೦ನೆಯ ಶತಮಾನವೇ ಬರಬೇಕಾಯಿತು.

ಇತ್ತ ೧೮೧೭ರಲ್ಲಿ ಬಂಗಾಳದ ಜೆಸ್ಸೋರಿನಲ್ಲಿ ತಲೆಯೆತ್ತಿದ ವಾಂತಿಭೇದಿಯು ಮರುವರ್ಷ ದಖ್ಖನವನ್ನೆಲ್ಲ ವ್ಯಾಪಿಸಿತು. ಅದೇ ೧೮೧೮ರಲ್ಲಿ ಥಾಮಸ್ ಮನ್ರೋ ಬೆಳಗಾವಿಯ ಕೋಟೆಯನ್ನು ವಶಪಡಿಸಿಕೊಂಡನು. ಹೊಸ ಸರಕಾರ ತನ್ನ ವೈದ್ಯರಿಂದ ವರದಿಗಳನ್ನು ತರಿಸಿ, ಮುಂಬಯಿಯಲ್ಲಿ ೧೮೧೯ರಲ್ಲಿ, ಕಲಕತ್ತೆಯಲ್ಲಿ ೧೮೨೦ರಲ್ಲಿ, ಮದರಾಸಿನಲ್ಲಿ ೧೮೨೪ರಲ್ಲಿ ಅಚ್ಚುಹಾಕಿಸಿತು. ಅಂದು ದಕ್ಷಿಣ ಮರಾಠಾ ಸೀಮೆಯೆನಿಸಿದ್ದ ನಮ್ಮ ಈ ಭಾಗವನ್ನು ಕುರಿತೂ ವೈದ್ಯರೇ ಬರೆದರು. ಥಾಮಸ್ ಮಾರ್ಶಲ್ ಸಿದ್ಧಪಡಿಸಿದ ಪಾಶ್ಚಾಪುರ, ಬೆಳಗಾವಿ, ಖಾನಾಪುರ, ಬಾದಾಮಿ ಮೊದಲಾದ ಪರಗಣೆಗಳ ವರದಿ ೧೮೨೨ರಲ್ಲಿ ಮುಂಬಯಿಯಲ್ಲಿ ಪ್ರಕಟವಾಯಿತು. ಈ ಸೀಮೆಯ ಹವೆ, ಶಿಲೆ, ಬೆಳೆ, ಪ್ರಾಣಿಗಳನ್ನು ಕುರಿತು ಲೇಖನಮಾಲೆ ಬರೆದ ಅಲೆಕ್ಸಾಂಡರ್ ಟರ್ನ್‌ಬುಲ್ ಕ್ರಿಸ್ಟಿ ಎಂಬ ವೈದ್ಯನು ೧೮೨೮ರಲ್ಲಿ ಎಡಿನ್‌ಬರೋದಲ್ಲಿ ವಾಂತಿಭೇದಿಯ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿದನು.

ಆದರೆ ಈ ಅಚ್ಚಿನ ವಿದ್ಯೆಯೂ ರೋಗದೆದುರು ಸೋತಿತು. ರೋಗಿಯ ದೇಹದ ನೀರು, ಉಪ್ಪು ಬರಿದಾಗುವುದೇ ಮರಣಕ್ಕೆ ಕಾರಣವೆಂಬುದನ್ನು ತಿಳಿಯದ ಅಂದಿನ ಯುರೋಪಿಯನ್ ವೈದ್ಯರು ರಕ್ತವನ್ನು ತೆಗೆಯುತ್ತಿದ್ದರು. ಪಾದರಸದ ಕ್ಯಾಲೊಮೆಲ್, ಅಫೀಮುಗಳನ್ನು ಕೊಡುತ್ತಿದ್ದರು. ಬೆಳಗಾವಿಯನ್ನು ಗೆದ್ದ ಮನ್ರೋ ಮದರಾಸಿನ ಗವರ್ನರನಾಗಿದ್ದಾಗಲೇ, ೧೮೨೭ರ ಜುಲೈಯಲ್ಲಿ, ಪತ್ತಿಕೊಂಡದಲ್ಲಿ ಇದೇ ರೋಗಕ್ಕೆ ಬಲಿಯಾದನು. ರೋಗ ಕುಡಿಯುವ ನೀರಿನಿಂದ ಹರಡುತ್ತದೆಂಬುದನ್ನು ಲಂಡನ್ನಿನ ಜಾನ್ ಸ್ನೋ ತೋರಿಸಿಕೊಟ್ಟದ್ದು ೧೮೫೪ರಲ್ಲಿ.

ಸಿಡುಬಿನ ಕಥೆ ಬೇರೆ. ಗೋವಿನ ಸಿಡುಬಿನ ರಸದಿಂದ ಮನುಷ್ಯನನ್ನು ರಕ್ಷಿಸಬಹುದೆಂದು ಎಡ್ವರ್ಡ್ ಜೆನ್ನರ್ ೧೭೯೮ರಲ್ಲಿ ಪ್ರಕಟಿಸಿದ್ದನು. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಆನಾ ಡಸ್ಟಹಾಲ್ ಎಂಬ ಮೂರು ವರ್ಷದ ಬಾಲೆಗೆ ಹಾಕಿದ ದೇವಿ ಭಾರತದಲ್ಲಿ ಫಲಿಸಿದ ಮೊದಲನೆಯದು. ಒಬ್ಬರ ತೋಳಿನ ಗುಳ್ಳೆಯ ರಸವನ್ನು ತೆಗೆದು ಮತ್ತೊಬ್ಬರ ತೋಳಿಗೆ ಹಾಕುತ್ತ ಅದು ಊರಿಂದೂರಿಗೆ ಸಾಗಬೇಕಿತ್ತು. ಅನ್ಯರ ಮೈಯ ರಸವನ್ನು ತಮ್ಮ ಮಗುವಿನ ಮೈಗೆ ಸೇರಿಸಲು ತಾಯ್ತಂದೆಗಳು ಹಿಂಜರಿದುದು ಸಹಜ. ಇಲ್ಲಿ ಪುಸ್ತಕಕ್ಕಿಂತ ನಂಬಿಕೆ ಬೇಕಾಗಿತ್ತು.

ಆ ನಂಬಿಕೆಯನ್ನು ಗಳಿಸಿದವರಲ್ಲಿ ಒಬ್ಬರು ಕಥೋಲಿಕ ಗುರುಗಳೆಂಬುದು ನಮಗೆ ವಿಶೇಷ ಸಂಗತಿ. ಫ್ರಾನ್ಸಿನ ಆಬೆ ದುಬುವಾ ಅವರು ೧೭೯೯ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಮೈಸೂರು ಸೀಮೆಗೆ ಬಂದು, ಈ ನಾಡಿನ ಉಡುಪನ್ನು ಧರಿಸಿ, ಜನರ ನಡೆನುಡಿಗಳನ್ನು ಕಲಿತು ಬಾಳಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ದೇವಿ ಹಾಕಿಸಿಕೊಳ್ಳಲು ಅವರು ಜನರನ್ನು ಒಡಂಬಡಿಸಿದರು. ೧೮೦೩-೦೪ರಲ್ಲಿ ದಾಖಲಾದವರ ಸಂಖ್ಯೆ ೨೫,೪೩೨. ಅವರ ಹೆಸರು ಜಗತ್ತಿಗೆ ತಿಳಿದಿರುವುದು ೧೮೧೬ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಗ್ರಂಥದಿಂದ; ಆ ಗ್ರಂಥ ಬಹುಮಟ್ಟಿಗೆ ಹಿಂದಿನ ಜೆಸ್ವಿತ ಗುರು ಕ್ಯೊರ್ದೂ ಅವರ ಬರಹವನ್ನು ಆಧರಿಸಿದೆಯೆಂದು ವಿದ್ವಾಂಸರು ಈಗ ತೋರಿಸಿಕೊಟ್ಟಿದ್ದಾರೆ. ಆದರೆ ಆ ದಾಖಲೆಯ ಪ್ರತಿಯೊಂದು ಅಂಕಿಯ ಹಿಂದೆಯೂ ಸಿಡುಬಿನಿಂದ ರಕ್ಷಣೆ ಪಡೆದ ಒಂದು ಜೀವವಿದೆ. ೧೯೮೦ರಲ್ಲಿ ಸಿಡುಬು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು.

ಓಲೆಗರಿಯ ವಿದ್ಯೆ ಮನೆಯೊಳಗೆ ಉಳಿಯಿತು. ಅಚ್ಚಿನ ವರದಿ ಜನರಿಗೆ ಅರಿಯದ ಭಾಷೆಯಲ್ಲಿ ಕಡಲಾಚೆಗೆ ಹೋಯಿತು. ಜನರ ಮಾತಿನಲ್ಲಿ, ಜನರ ನಡುವೆ ನಿಂತು ಹೇಳಿದ ವಿದ್ಯೆಯೇ ಜೀವಗಳನ್ನು ಉಳಿಸಿತು. ನಮ್ಮ ಹಳ್ಳಿಗಳ ಹಳೆಯ ಮನೆಗಳಲ್ಲಿ ವೈದ್ಯದ ಓಲೆಗರಿಯೋ ಕಡತವೋ ಇಂದಿಗೂ ಉಳಿದಿದ್ದರೆ, ಅದನ್ನು ಗೆದ್ದಲಿಗೆ ಬಿಡದೆ ಬಲ್ಲವರ ಕೈಗೆ ಒಪ್ಪಿಸುವುದು ನಮ್ಮೆಲ್ಲರ ಕರ್ತವ್ಯ.