ಕೋವಿಯ ಮೈಮೇಲಿನ ಬರಹ

ಶಾಸನ, ಓಲೆಗರಿ, ಕಡತಗಳನ್ನು ಓದುವ ಸಂಶೋಧಕರು ಆಯುಧವನ್ನು ಆಕರವೆಂದು ಎಣಿಸುವುದು ವಿರಳ. ಆದರೆ ಹಳೆಯ ಕೋವಿಯ ಮೇಲೂ ಇಸವಿ, ಮುದ್ರೆ, ಹೆಸರುಗಳಿರುತ್ತವೆ. ಅವನ್ನು ಓದಲು ಬಾರದವರು ಕಾಲನಿರ್ಣಯದಲ್ಲಿ ಎಡವುತ್ತಾರೆ. ಕೋವಿಯನ್ನು ಹಿಡಿಯಲು ಬಾರದವರು ಪ್ರಾಣಕ್ಕೇ ಎರವಾಗುತ್ತಾರೆ.

ಹಾಗಲವಾಡಿ ಪಾಳೆಯಗಾರ ಮನೆತನದ ಚಿಕ್ಕನಾಯಕನಿಂದ ಹೆಸರು ಪಡೆದ ಚಿಕ್ಕನಾಯಕನಹಳ್ಳಿ ಮುಂದೆ ಮೈಸೂರಿಗೆ ಸೇರಿತು. ಮೂರನೆಯ ಮೈಸೂರು ಯುದ್ಧದ ವೇಳೆ ಪರಶುರಾಮ ಭಾವುವಿನ ಮರಾಠಾ ಸೈನ್ಯ ಊರನ್ನು ಸುಲಿಯಿತು. ಆದುದರಿಂದ ಇಂದಿನ ತೆಂಗಿನ ಸೀಮೆಯ ಅಟ್ಟದಲ್ಲಿ ಹಳೆಯ ಕೋವಿಯೊಂದು ದೊರೆತರೆ ಅದು ಪಾಳೆಯಗಾರರದೋ, ಮೈಸೂರಿನದೋ, ಮರಾಠರದೋ, ಕಂಪನಿಯದೋ ಎಂಬುದನ್ನು ಸ್ಥಳವೊಂದೇ ಹೇಳಲಾರದು. ವಸ್ತುವನ್ನೇ ಕೇಳಬೇಕು.

ಮೊದಲ ಸಾಕ್ಷಿ ಬೆಂಕಿ ಹೊತ್ತಿಸುವ ವಿಧಾನ. ಬತ್ತಿಯ ಕೋವಿ, ಚಕಮಕಿ ಕಲ್ಲಿನ ಕೋವಿ, 19ನೆಯ ಶತಮಾನದ ಕೇಪಿನ ಕೋವಿ, ಬಳಿಕ ತೋಟಾ ಕೋವಿ ಎಂಬುದು ಸ್ಥೂಲವಾದ ಕ್ರಮ. ಆದರೆ ಹಳೆಯ ನಳಿಗೆಗೆ ಕೇಪಿನ ಸಾಧನವನ್ನು ಆಮೇಲೆ ಜೋಡಿಸಿದ ಉದಾಹರಣೆಗಳು ಧಾರಾಳ. ಒಂದು ಭಾಗದ ಕಾಲ ಇಡೀ ಕೋವಿಯ ಕಾಲವಲ್ಲ.

ಟಿಪ್ಪುವಿನ ಕಾರ್ಖಾನೆಗಳ ಕೋವಿಗಳಲ್ಲಿ ಹುಲಿಯ ಪಟ್ಟೆಗಳೂ ಹುಲಿಮುಖದ ಅಲಂಕರಣವೂ ಕಾಣುತ್ತವೆ. ಅವುಗಳಲ್ಲಿನ ಇಸವಿ ಹಿಜರಿಯದಲ್ಲ, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯದು. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮೌಲೂದಿ 1222 ಎಂದರೆ ಸುಮಾರು ಕ್ರಿ.ಶ. 1794. ಅದನ್ನೇ ಹಿಜರಿಯೆಂದು ಭಾವಿಸಿದರೆ 1807 ಆಗುತ್ತದೆ. 1799ರಲ್ಲಿ ಮಡಿದ ಅರಸನ ಕೋವಿ ಅವನ ಮರಣಾನಂತರ ತಯಾರಾದಂತಾಗುತ್ತದೆ. ಇಷ್ಟರಿಂದಲೇ ಅಸಲಿ ವಸ್ತುವೊಂದು ನಕಲಿಯೆನಿಸಬಹುದು.

ಇಂಗ್ಲಿಷ್ ಜೋಡುನಳಿಗೆ ಕೋವಿಗಳನ್ನು ಪರೀಕ್ಷಾಮುದ್ರೆಗಳಿಂದ ಗುರುತಿಸಬೇಕು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರಲ್ಲಿ ಸ್ಥಾಪಿತವಾಯಿತು. ಲಂಡನ್ನಿನ ಪರಂಪರೆ ಇನ್ನೂ ಹಳೆಯದು. 'ನಾಟ್ ಫಾರ್ ಬಾಲ್' ಎಂಬ ಬರಹವಿದ್ದರೆ ಆ ನಳಿಗೆಯನ್ನು 1875 ಮತ್ತು 1887ರ ನಡುವೆ ಪರೀಕ್ಷಿಸಲಾಗಿದೆ. ಮದರಾಸು, ಕಲ್ಕತ್ತೆಯ ಅಂಗಡಿಯ ಹೆಸರಿದ್ದರೆ ಅದು ಬಹುಮಟ್ಟಿಗೆ ಮಾರಿದವನದು, ಮಾಡಿದವನದಲ್ಲ.

ಬೆಲೆಯನ್ನು ನಿರ್ಧರಿಸುವವು ತಯಾರಕನ ಖ್ಯಾತಿ, ಮೂಲ ಭಾಗಗಳ ಉಳಿವು, ಮನೆತನದ ದಾಖಲೆ. ತುಕ್ಕು ತೆಗೆಯುವ ಉತ್ಸಾಹದಲ್ಲಿ ಮರಳುಕಾಗದದಿಂದ ಉಜ್ಜಿದರೆ ಮುದ್ರೆ ಅಳಿಯುತ್ತದೆ. ಬೆಲೆಯೊಡನೆ ಚರಿತ್ರೆಯೂ ಹೋಗುತ್ತದೆ. ಶಾಸನದ ಅಕ್ಷರಗಳಿಗೆ ಸುಣ್ಣ ಬಳಿದವರ ತಪ್ಪಿಗೂ ಇದಕ್ಕೂ ಭೇದವಿಲ್ಲ.

ಇವೆಲ್ಲಕ್ಕೂ ಮೊದಲು ಎಚ್ಚರ ಅಗತ್ಯ. ಹಳೆಯ ಕೋವಿಯಲ್ಲಿ ಮದ್ದು ತುಂಬಿದೆಯೆಂದೇ ಭಾವಿಸಬೇಕು. ಒಣಗಿದ ಕರಿಮದ್ದು ತಲೆಮಾರುಗಳ ನಂತರವೂ ಸಿಡಿಯಬಲ್ಲದು. ಬಾಯಿಂದ ಮದ್ದು ತುಂಬುವ ಕೋವಿಯಾದರೆ ಅದರ ನೇರಕ್ಕೆ ನಿಲ್ಲದೆ ತೆಳುವಾದ ಮರದ ಕಡ್ಡಿಯನ್ನು ಮೆಲ್ಲನೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಅದೇ ಕಡ್ಡಿಯನ್ನು ಹೊರಗಿನಿಂದ ನಳಿಗೆಗೆ ಹೊಂದಿಸಿ ನೋಡಬೇಕು. ಕಡ್ಡಿ ಬೆಂಕಿಕಿಂಡಿಯವರೆಗೆ ತಲುಪದಿದ್ದರೆ ಒಳಗೆ ಏನೋ ಉಳಿದಿದೆ. ಅದನ್ನು ಕೆದಕದೆ ಪೊಲೀಸರಿಗೆ ತಿಳಿಸುವುದು ಕ್ಷೇಮ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಮಾಡಿದ ಡಮಾಸ್ಕಸ್ ನಳಿಗೆಗಳು ಕರಿಮದ್ದಿನ ಕಾಲದವು. ಇಂದಿನ ತೋಟಾ ಅವನ್ನು ಸೀಳಿಬಿಡಬಲ್ಲದು.

ಹಳೆಯದಾದ ಮಾತ್ರಕ್ಕೆ ಪರವಾನಗಿ ಬೇಡವೆಂಬುದು ತಪ್ಪು ತಿಳಿವಳಿಕೆ. 1959ರ ಆಯುಧ ಕಾಯ್ದೆಯ 45ನೆಯ ಸೆಕ್ಷನ್ ವಿನಾಯಿತಿ ಕೊಡುವುದು ದುರಸ್ತಿಯಿಂದಲೂ ಹಾರಿಸಲಾಗದ ಪುರಾತನ ಆಯುಧಕ್ಕೆ ಮಾತ್ರ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ಸಾಗಿಸುವುದನ್ನು 1972ರ ಕಾಯ್ದೆ ತಡೆಯುತ್ತದೆ.

ಕಾನೂನಿಗೆ ಅಂಜಿ ಕೋವಿಯನ್ನು ಬಾವಿಗೆ ಎಸೆಯುವುದೂ ಆಸೆಗೆ ಬಿದ್ದು ಗುಟ್ಟಾಗಿ ಮಾರುವುದೂ ಆಕರವನ್ನು ಕಳೆದುಕೊಳ್ಳುವ ಎರಡು ದಾರಿಗಳು. ಅಧಿಕಾರಿಗಳಿಗೆ ತಿಳಿಸಿ, ಮುದ್ರೆಗಳ ಚಿತ್ರ ತೆಗೆದು, ಮನೆಯ ಹಿರಿಯರ ನೆನಪನ್ನು ಬರೆದಿಟ್ಟರೆ ಅಟ್ಟದ ಕೋವಿ ಸೀಮೆಯ ಚರಿತ್ರೆಯ ಒಂದು ಪುಟವಾದೀತು.