ಚೋಮನ ಡಿಕ್ಲರೇಶನ್

ನಮ್ಮ ಪುತ್ತೂರು ಕಡೆ ಈಗಲೂ ಜಾಗದ ಮಾತು ಬಂದರೆ ಮೊದಲು ಕೇಳುವುದು, "ಅದು ವರ್ಗವೋ, ಡಿಕ್ಲರೇಶನೋ?" ಎಂದು. ವರ್ಗ ಎಂದರೆ ತಲೆಮಾರಿನಿಂದ ಪಟ್ಟೆ ಇದ್ದ ಜಾಗ. ಡಿಕ್ಲರೇಶನ್ ಎಂದರೆ ಗೇಣಿಗೆ ಮಾಡುತ್ತಿದ್ದವರು ಭೂಸುಧಾರಣೆಯ ಕಾಲದಲ್ಲಿ ಅರ್ಜಿ ಹಾಕಿ ತಮ್ಮದು ಮಾಡಿಕೊಂಡದ್ದು. ನಮ್ಮದು ಡಿಕ್ಲರೇಶನ್ ಜಾಗ. ಒಂದು ಎಕರೆ ಎಂಬತ್ತು ಸೆಂಟ್ಸ್ ಗದ್ದೆ, ಅದರ ಬದಿಗೆ ತುಂಡು ಅಡಿಕೆ ತೋಟ. ಆ ಅರ್ಜಿ ಬರೆದವನು ನಾನೇ. ಆಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಅಕ್ಷರ ದುಂಡಗಿತ್ತು. ಊರಿನ ಅರ್ಧ ಒಕ್ಕಲುಗಳ ಏಳನೇ ನಂಬ್ರದ ಫಾರಂ ನಮ್ಮ ಜಗಲಿಯಲ್ಲೇ ತುಂಬಿದ್ದು.

ಕಾನೂನು 1961ರದ್ದು. ಅದಕ್ಕೆ ಜೀವ ಬಂದದ್ದು ದೇವರಾಜ ಅರಸರ ತಿದ್ದುಪಡಿಯಿಂದ. 1974ರ ಮಾರ್ಚ್ 1ರಂದು ಗೇಣಿಗೆ ಇದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರ ಅರ್ಜಿ ಕೊಟ್ಟು ಹಕ್ಕು ಪಡೆಯಬೇಕಿತ್ತು. ತಾಲೂಕು ತಾಲೂಕಿಗೆ ಭೂನ್ಯಾಯಮಂಡಳಿ ಕೂತಿತು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ, ಒಕ್ಕಲಿನವನೇ ಧನಿಯ ಎದುರು ನಿಂತು ಬಾಯಿ ಬಿಡಬೇಕಿತ್ತು. ಅರ್ಜಿಯ ಗಡುವು ಮುಂದೆ ಹೋಗುತ್ತಾ 1979ರ ಜೂನ್ 30ರವರೆಗೆ ಬಂತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿ ಬಿದ್ದವು. ದಕ್ಷಿಣ ಕನ್ನಡದಷ್ಟು ಗೇಣಿ ಹಬ್ಬಿದ್ದ ಜಿಲ್ಲೆ ಕಡಿಮೆ. ಮುಡಿಗಟ್ಟಲೆ ಅಕ್ಕಿ ಅಳೆದುಕೊಟ್ಟು, ವರ್ಷ ಕಳೆದರೆ ಎಬ್ಬಿಸುತ್ತಾರೋ ಎಂಬ ಹೆದರಿಕೆಯಲ್ಲೇ ಬದುಕಿದ ಚಾಲಗೇಣಿಯವರಿಗೆ ಅದು ಎರಡನೇ ಜನ್ಮ. ನನ್ನ ತಂದೆ ಆದೇಶದ ಕಾಗದವನ್ನು ದೇವರ ಮಣೆಯ ಮೇಲಿಟ್ಟು ಕೈಮುಗಿದದ್ದನ್ನು ನಾನು ಕಂಡಿದ್ದೇನೆ. ಆ ಕಾನೂನನ್ನು ನಾನು ಹಗುರ ಮಾಡುವವನಲ್ಲ.

ಆದರೆ ಆ ಜಗಲಿಯಲ್ಲಿ ಒಂದು ಫಾರಂ ಪೂರ್ತಿ ಬರೆಯಲಾಗದೆ ಉಳಿಯಿತು.

ನಮ್ಮ ಗದ್ದೆ ಉಳುತ್ತಿದ್ದವರು ಒಬ್ಬರಿದ್ದರು. ಅವರ ಹೆಸರು ಬರೆಯುವುದಿಲ್ಲ, ಮೊಮ್ಮಕ್ಕಳು ಊರಲ್ಲೇ ಇದ್ದಾರೆ. ನನ್ನ ತಂದೆಗಿಂತ ಹಿರಿಯರು. ನಾನು ಅವರನ್ನು "ನೀನು" ಎನ್ನುತ್ತಿದ್ದೆ, ಅವರು ನನ್ನನ್ನು "ಸಣ್ಣ ಧನಿಗಳೇ" ಎನ್ನುತ್ತಿದ್ದರು. ಗೇಣಿ ಒಕ್ಕಲಾದ ನಾವೂ ಅವರ ಪಾಲಿಗೆ ಧನಿಗಳೇ. ಅಂಗಳದ ಕೆಳಗಿನ ಮೆಟ್ಟಲಿನಿಂದ ಈಚೆ ಅವರು ಬರುವಂತಿರಲಿಲ್ಲ. ಚಹಾ ಗೆರಟೆಯಲ್ಲಿ. ಒಂದು ಬೆಳಿಗ್ಗೆ ಆ ಮೆಟ್ಟಲಲ್ಲಿ ನಿಂತು, "ನನಗೂ ಒಂದು ಬರೆದುಕೊಡಿ" ಎಂದರು. ನಾನು ಉತ್ಸಾಹದಿಂದಲೇ ಫಾರಂ ತೆಗೆದೆ. ಭೂಮಾಲಕನ ಹೆಸರು? ಸರ್ವೆ ನಂಬ್ರ? ಗೇಣಿ ಎಷ್ಟು ಮುಡಿ?

"ಗೇಣಿ ನಾನು ಕೊಟ್ಟದ್ದಿಲ್ಲ, ಧನಿ. ತೆಗೆದುಕೊಂಡದ್ದು. ದಿನಕ್ಕೆ ಎರಡು ಸೇರು ಅಕ್ಕಿ."

ನನ್ನ ಪೆನ್ನು ಅಲ್ಲಿಗೆ ನಿಂತಿತು. ಒಳಗಿನಿಂದ ತಂದೆ, "ಅವನಿಗೆ ಅದು ಆಗುವುದಿಲ್ಲ" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಆಗುತ್ತಲೂ ಇರಲಿಲ್ಲ. ಬರೆದು ಮುಗಿಯದ ಆ ಫಾರಮನ್ನು ಹಿರಿಯರು ಕೇಳಿ ಪಡೆದು, ನಾಲ್ಕು ಮಡಿಕೆ ಮಾಡಿ ತಲೆಯ ಮುಟ್ಟಾಳೆಯೊಳಗೆ ಇಟ್ಟುಕೊಂಡು ಗದ್ದೆಗೆ ಇಳಿದರು.

ಕಾನೂನಿನ ಪುಸ್ತಕವನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ, ಮಾಷ್ಟ್ರಾದ ನಂತರ. ಸ್ವಂತ ಸಾಗುವಳಿ ಎಂದರೇನು ಎಂಬುದಕ್ಕೆ ಅದರಲ್ಲಿ ವಿವರಣೆ ಇದೆ. ತಾನೇ ಉಳುವುದು, ಮನೆಯವರಿಂದ ಉಳುಮೆ ಮಾಡಿಸುವುದು, ಇಲ್ಲವೇ ತನ್ನ ಮೇಲ್ವಿಚಾರಣೆಯಲ್ಲಿ ಹಣವೋ ಕಾಳೋ ಕೂಲಿ ಕೊಟ್ಟು ಆಳಿನಿಂದ ಮಾಡಿಸುವುದು, ಇವು ಮೂರೂ ಸ್ವಂತ ಸಾಗುವಳಿಯೇ. ಆಳು ಹಿಡಿದ ನೇಗಿಲು ಧನಿ ಹಿಡಿದಂತೆ. "ಉಳುವವನೇ ಹೊಲದೊಡೆಯ" ಎಂದು ನಾವು ಕೂಗಿದ ಘೋಷಣೆಯಲ್ಲಿ, ನೇಗಿಲ ಹಿಡಿಯಿಂದ ಅಂಗೈ ದಡ್ಡುಗಟ್ಟಿದ ಮನುಷ್ಯ ಉಳುವವನೆಂದು ಲೆಕ್ಕಕ್ಕೇ ಬರಲಿಲ್ಲ.

ಅದೇ ಫಾರಮಿನ ದಿನಗಳಲ್ಲಿ ಪುತ್ತೂರಿನಲ್ಲಿ 'ಚೋಮನ ದುಡಿ' ಸಿನಿಮಾ ನೋಡಿದೆ. 1975ರ ಚಿತ್ರ, ಕಪ್ಪುಬಿಳುಪು. ನಿರ್ದೇಶಕ ಬಿ.ವಿ. ಕಾರಂತರು ಬಂಟ್ವಾಳ ತಾಲೂಕಿನ ಮಂಚಿಯವರು. ಕಾದಂಬರಿ ಬರೆದ ಶಿವರಾಮ ಕಾರಂತರು ಕೋಟದಲ್ಲಿ ಹುಟ್ಟಿ ಪುತ್ತೂರಿನಲ್ಲಿ ನೆಲೆಸಿದವರು. ಹಾಗಾಗಿ ಪರದೆಯ ಮೇಲಿನ ಗದ್ದೆ, ಗುಡ್ಡ, ಹೊಳೆ ಯಾವುದೂ ನಮಗೆ ಪರಸ್ಥಳವಲ್ಲ. ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು, ಜೀತದಾಳು ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ. ಸವಕಲು ದೇಹ, ಗುಳಿಬಿದ್ದ ಕೆನ್ನೆ. ಧನಿ ಸಂಕಪ್ಪಯ್ಯನ ಮನೆಯೆದುರು ನಿಂತು ತುಂಡು ಗದ್ದೆ ಬೇಡುವಾಗ ಅವರ ಕುತ್ತಿಗೆ ತಾನಾಗಿ ಬಗ್ಗುತ್ತದೆ. ಆ ಬಗ್ಗುವಿಕೆ ನಾನು ದಿನಾ ಬೆಳಿಗ್ಗೆ ಮೆಟ್ಟಲ ಬಳಿ ನೋಡುತ್ತಿದ್ದದ್ದು. ಥಿಯೇಟರಿನ ಕತ್ತಲಲ್ಲಿ ಕೂತಾಗ ಮೊದಲ ಸಲ ಅದನ್ನು ಕಂಡೆ.

ಹೊಳೆಯಲ್ಲಿ ಮುಳುಗುವ ಚೋಮನ ಮಗ ನೀಲನನ್ನು ಮುಟ್ಟಬಾರದೆಂದು ಯಾರೂ ಎತ್ತದ ದೃಶ್ಯಕ್ಕೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿದರು. ನನ್ನ ತಂದೆಯೂ ಅತ್ತರು. ಮಾರನೆಯ ದಿನ ನಮ್ಮಲ್ಲಿ ಗೆರಟೆ ಬದಲಾಗಲಿಲ್ಲ. ಈ ನೆನಪು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಕಾದಂಬರಿ ಬಂದದ್ದು 1933ರಲ್ಲಿ. ಶಿವರಾಮ ಕಾರಂತರು ಏನನ್ನೂ ಹೊಸತಾಗಿ ಕಟ್ಟಬೇಕಾಗಿರಲಿಲ್ಲ. ಬ್ರಿಟಿಷರ ಕಾಲದ ದಾಖಲೆಗಳು ನಮ್ಮ ಜಿಲ್ಲೆಯ ಜೀತದವರನ್ನು ಎರಡು ಬಗೆಯಾಗಿ ಗುರುತಿಸಿವೆ: ಭೂಮಿಯ ಜೊತೆಗೇ ಕೈ ಬದಲಾಗುವ ಮೂಲದವರು, ಮದುವೆಗೋ ಮತ್ತೊಂದಕ್ಕೋ ಪಡೆದ ಹಣಕ್ಕೆ ಸಿಕ್ಕಿಬಿದ್ದ ಸಾಲದವರು. ಗುಲಾಮಗಿರಿಗೆ ಮಾನ್ಯತೆ ಇಲ್ಲವೆಂದು 1843ರಲ್ಲೇ ಕಾನೂನು ಬಂದಿತ್ತು. ಜೀತ ರದ್ದತಿ ಕಾಯ್ದೆ ಬರಲು 1976 ಆಗಬೇಕಾಯಿತು. ನಡುವಿನ 133 ವರ್ಷಗಳಲ್ಲಿ ಮೂಲದವರು ಸಾಲದವರಾದರು, ಅಷ್ಟೆ. ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹತ್ತುವುದು ಇಂಥದೇ ಸಾಲ ತೀರಿಸಲು. ಚನಿಯ ಜ್ವರದಲ್ಲಿ ಸಾಯುತ್ತಾನೆ, ಗುರುವ ಕ್ರಿಸ್ತನ ಮತಕ್ಕೆ ಸೇರುತ್ತಾನೆ, ಮಗಳು ಬೆಳ್ಳಿ ತೋಟದವರ ಕೈಗೆ ಸಿಗುತ್ತಾಳೆ. ಭೂಮಿಗೆ ಮಿತಿ ಹೇರಿದ ನಮ್ಮ ಕಾನೂನು ಆ ಕಾಫಿ ತೋಟಗಳಿಗೆ ಆ ಮಿತಿಯಿಂದ ವಿನಾಯಿತಿ ಕೊಟ್ಟಿತ್ತು ಎಂಬುದನ್ನೂ ಇಲ್ಲೇ ಹೇಳಬೇಕು.

ಚೋಮನಿಗೆ ಎರಡು ಎತ್ತು ಇದ್ದವು, ನೇಗಿಲಿತ್ತು, ಉಳುವ ಕಸುಬು ಗೊತ್ತಿತ್ತು. ಇಲ್ಲದ್ದು ಅನುಮತಿ ಒಂದೇ. ಸಂಕಪ್ಪಯ್ಯನ ಮನಸ್ಸು ಕೊಂಚ ಕರಗಿದರೂ ಅವನ ತಾಯಿ ಬಿಡುವುದಿಲ್ಲ. ಆ ಜಾತಿಯವನು ಬೇಸಾಯಗಾರನಾಗುವುದು ಉಂಟೇ ಎಂಬುದು ಅವಳ ವಾದ. ಗೇಣಿ ಸಿಕ್ಕಿದವನಿಗಷ್ಟೇ ಡಿಕ್ಲರೇಶನ್. ಗೇಣಿಯೇ ಸಿಗದಂತೆ ಜಾತಿ ಮೊದಲೇ ಬಾಗಿಲು ಹಾಕಿತ್ತು. ಕೃಷಿಕೂಲಿಗಳಿಗೆಂದು ಕಾನೂನಿನ 38ನೇ ಕಲಮಿನಲ್ಲಿ ಇದ್ದದ್ದು ವಾಸದ ಮನೆಯ ಅಡಿಜಾಗದ ಹಕ್ಕು. ನಮ್ಮ ಗದ್ದೆಯ ಹಿರಿಯರಿಗೂ ಕೊನೆಗೆ ದಕ್ಕಿದ್ದು ಅದೇ. ಗುಡಿಸಲಿನ ಸುತ್ತ ನಾಲ್ಕು ತೆಂಗಿನ ಗಿಡ ಇಡುವಷ್ಟು ನೆಲ.

ಚೋಮ ದುಡಿ ಬಾರಿಸುತ್ತಾ ಸಾಯುವ ಅಂತ್ಯದ ಬಗ್ಗೆ ನನಗೊಂದು ತಕರಾರು ಇದೆ. ಕಾರಂತರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಎತ್ತುಗಳನ್ನು ಕಾಡಿಗಟ್ಟಿ, ನೇಗಿಲು ಮುರಿದು, ಬಾಗಿಲು ಹಾಕಿಕೊಂಡು ಸಾಯುವ ಚೋಮ ನಮ್ಮಂಥವರಿಗೆ ಅಳಲು ಅನುಕೂಲ ಮಾಡಿಕೊಟ್ಟ. ಸತ್ತವನು ಮರುದಿನ ಅಂಗಳಕ್ಕೆ ಬಂದು ನನ್ನ ಪಾಲೆಲ್ಲಿ ಎಂದು ಕೇಳುವುದಿಲ್ಲ. ಸಿನಿಮಾ ಬಂದ ಆ 1975ರಲ್ಲೇ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಅದರಲ್ಲಿ ಚೋಮನ ಮಕ್ಕಳೇ ಬಾಯಿ ತೆರೆದಿದ್ದರು. ಕಾದಂಬರಿ ಓದಿದ ಮಕ್ಕಳಿಗೆ ನಾನು ಶಾಲೆಯಲ್ಲಿ ಅದನ್ನೂ ಓದಿಸುತ್ತಿದ್ದೆ.

ನಮ್ಮ ಗದ್ದೆ ಉತ್ತ ಆ ಹಿರಿಯರಿಗೂ ದುಡಿ ಬರುತ್ತಿತ್ತು. ಎಣೇಲು ಕೊಯ್ಲು ಮುಗಿದ ರಾತ್ರಿಗಳಲ್ಲಿ ಗುಡ್ಡದ ಆಚೆಯಿಂದ ಅದರ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು. ಅವರು ತೀರಿಕೊಂಡಾಗ ನಾನು ಮೊದಲ ಸಲ ಅವರ ಮನೆಯೊಳಗೆ ಕಾಲಿಟ್ಟೆ. ಮಾಡಿಗೆ ಸಿಕ್ಕಿಸಿದ್ದ ಮುಟ್ಟಾಳೆಯನ್ನು ಅವರ ಮಗ ಇಳಿಸಿ ತೋರಿಸಿದ. ಒಳಗೆ ಎಲೆಯಡಿಕೆಯ ಕಲೆ ಹಿಡಿದ ಆ ಫಾರಂ, ನಾಲ್ಕು ಮಡಿಕೆಯಲ್ಲಿ ಹಾಗೆಯೇ ಇತ್ತು. ಅರ್ಜಿದಾರನ ಹೆಸರಿನ ಜಾಗದಲ್ಲಿ ನನ್ನ ಅಕ್ಷರ. ಕೆಳಗಿನದೆಲ್ಲ ಖಾಲಿ.

ಅಂಥವರ ಮಕ್ಕಳಿಗೆ ಒಂದು ದಾರಿ ಇನ್ನೂ ಮುಚ್ಚಿಲ್ಲ. ಮದ್ರಾಸ್ ಸರ್ಕಾರದ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ದಲಿತರಿಗೆಂದು ಕಾದಿರಿಸಿದ ಭೂಮಿ ಇದೆ. ಡಿಪ್ರೆಸ್ಡ್ ಕ್ಲಾಸ್ ಎಂಬ ಅಂದಿನ ಹೆಸರಿನಿಂದ ಅದು ಡಿ.ಸಿ. ಮನ್ನಾ ಆಯಿತು. ಅದನ್ನು ಹಂಚಿ ಎಂದು ದಲಿತ ಸಂಘಟನೆಗಳು ದಕ್ಷಿಣ ಕನ್ನಡ, ಉಡುಪಿಗಳಲ್ಲಿ ವರ್ಷಗಳಿಂದ ಧರಣಿ ಕೂರುತ್ತಿವೆ. ಡಿಕ್ಲರೇಶನ್‌ನಿಂದ ಜಾಗ ಪಡೆದ ನಮ್ಮಂಥ ಮನೆಯವರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಗ್ರಾಮದಲ್ಲಿ ಡಿ.ಸಿ. ಮನ್ನಾ ಎಷ್ಟು ಎಕರೆ, ಇಂದು ಯಾರ ಕೈಯಲ್ಲಿದೆ ಎಂದು ಗ್ರಾಮ ಆಡಳಿತಾಧಿಕಾರಿಯಲ್ಲಿ ಕೇಳಿ, ಪಹಣಿ ತೆಗೆಸಿ ನೋಡಿ. ಮುಂದಿನ ಧರಣಿಯ ದಿನ ಆ ಕಾಗದ ಹಿಡಿದು ಅವರ ಜೊತೆಗೆ ಹೋಗಿ ಕೂತುಕೊಳ್ಳಿ.